ಆರ್‌ಎಫ್‌ಸಿ 7348: ಒಂದು ವಿಮರ್ಶೆ

ವಿಎಕ್ಸ್‌ಲ್ಯಾನ್ ಪದ್ಧತಿಯನ್ನು ವಿವರಿಸುವ ಈ ಪತ್ರ 2014ರ ಆಗಸ್ಟ್‌ನಲ್ಲಿ ಹೊರಬಿದ್ದಿತು. ಇದನ್ನು ಪ್ರಮಾಣವೆಂದೇ ಉದ್ಧರಿಸುವವರುಂಟು. ಶಾಸನವನ್ನು ಓದುವಾಗ ಮೊದಲು ಅದು ಯಾವ ಬಗೆಯದೆಂದು ನಿರ್ಣಯಿಸುವುದು ನಮ್ಮ ವಾಡಿಕೆ. ಆ ದೃಷ್ಟಿಯಿಂದ ಇದು ಕೇವಲ ಮಾಹಿತಿಪತ್ರ. ತನ್ನ ವಿಷಯವು ದತ್ತಾಂಶ ಕೇಂದ್ರದ ಒಳಗಿನದೆಂದು ಆರಂಭದಲ್ಲಿಯೇ ಹೇಳಿಕೊಂಡಿದೆ.

ಇದರ ಗುಣ ನಿರ್ವಿವಾದವಾದುದು. ಹಳೆಯ ವಿ-ಲ್ಯಾನ್ ಪದ್ಧತಿಯ 12 ಬಿಟ್‌ಗಳಲ್ಲಿ 4094 ಜಾಲಗಳಿಗಷ್ಟೇ ಎಡೆಯಿತ್ತು. ಇಲ್ಲಿಯ 24 ಬಿಟ್‌ಗಳಿಂದ ಆ ಸಂಖ್ಯೆ 1 ಕೋಟಿ 60 ಲಕ್ಷವನ್ನು ಮೀರಿತು. ಆದರೆ ಒಂದು ಜಾಲದಿಂದ ಮತ್ತೊಂದಕ್ಕೆ ಮಾರ್ಗ ಕಲ್ಪಿಸುವ ವಿಚಾರದಲ್ಲಿ ಪತ್ರವು ಬಹುಮಟ್ಟಿಗೆ ಮೌನವಾಗಿದೆ. ಇದನ್ನು ಗಮನಿಸದೆ ಜಾಲಗಳನ್ನು ಹಲವು ಊರುಗಳಿಗೆ ಹಬ್ಬಿಸಿ ರೂಟರನ್ನು ಒಂದೇ ಊರಿನಲ್ಲಿರಿಸಿದರೆ, ಬೇರೆ ಬೇರೆ ಜಾಲಕ್ಕೆ ಸೇರಿದ ಯಂತ್ರಗಳೆರಡು ಒಂದೇ ಕೊಠಡಿಯಲ್ಲಿದ್ದರೂ ಅವುಗಳ ಸಂದೇಶ ಆ ದೂರದ ಊರಿಗೆ ಹೋಗಿಯೇ ಮರಳಬೇಕು. ನಡುವಣ ಸಂಪರ್ಕ ಕಡಿದರಂತೂ ನೆರೆಹೊರೆಯೂ ಇಲ್ಲ.

ಈ ಕೊರತೆಯನ್ನು ತುಂಬಿದ್ದು 2021ರ ಆರ್‌ಎಫ್‌ಸಿ 9135. ಅದರ ಅಸಮ ಕ್ರಮದಲ್ಲಿ ಸಂದೇಶ ಹೊರಡುವ ಕಡೆಯ ರೂಟರೊಂದೇ ಮಾರ್ಗವನ್ನು ನಿರ್ಣಯಿಸುವುದರಿಂದ, ಪ್ರತಿಯೊಂದು ರೂಟರಿಗೂ ಎಲ್ಲ ಜಾಲಗಳ ಹೊರೆ ಬೀಳುತ್ತದೆ. ಸಮಕ್ರಮದಲ್ಲಿಯಾದರೋ ಎರಡು ಕಡೆಯವೂ ಕೆಲಸವನ್ನು ಹಂಚಿಕೊಳ್ಳುತ್ತವೆ. ತಂತಮ್ಮ ಜಾಲಗಳಿದ್ದರೆ ಸಾಕು. ಹಲವು ಊರುಗಳ ಸಂದರ್ಭಕ್ಕೆ ಸಮಕ್ರಮವೇ ಮೇಲೆಂಬುದು ನಮ್ಮ ಮತ.