ಸೂರು ಸಿಕ್ಕಿತು, ದುಡಿಮೆ?

ಕೊಲ್ಲೂರೆಂದೊಡನೆ ಕನ್ನಡಿಗರಿಗೆ ಮೂಕಾಂಬಿಕೆಯ ಸನ್ನಿಧಿ ನೆನಪಾಗುವುದು ಸಹಜ. ಹೈದರಾಬಾದಿನವರಾದ ನಮಗೆ ಇನ್ನೊಂದು ಕೊಲ್ಲೂರಿದೆ. ರಾಮಚಂದ್ರಾಪುರದ ಆಚೆ, ಸುಮಾರು 145 ಎಕರೆಯಲ್ಲಿ, 117 ಕಟ್ಟಡಗಳೊಳಗೆ 15,660 ಮನೆಗಳು ಅಲ್ಲಿ ಎದ್ದು ನಿಂತಿವೆ. ತೆಲಂಗಾಣ ಸರ್ಕಾರ 2015ರಲ್ಲಿ ಬಡವರಿಗಾಗಿ ಆರಂಭಿಸಿದ ವಸತಿ ಯೋಜನೆಯಲ್ಲಿ ಇದೇ ಅತಿ ದೊಡ್ಡದು. 2023ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಮನೆಯೊಂದಕ್ಕೆ 560 ಚದರ ಅಡಿ, ಎರಡು ಮಲಗುವ ಕೋಣೆ. ಪಡೆದವರು ಇದಕ್ಕೆ ಬೆಲೆ ತೆರಬೇಕಿಲ್ಲ.

ಇಷ್ಟನ್ನು ಮೆಚ್ಚಲೇಬೇಕು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಬಾಳಿದ ಸಂಸಾರಕ್ಕೆ ಇದು ಸಣ್ಣ ಭಾಗ್ಯವಲ್ಲ. ಆದರೆ ವಸತಿಯ ಗುಣದೋಷ ಹೇಳುವವನು ಗೋಡೆಯನ್ನಷ್ಟೇ ನೋಡಿದರೆ ಸಾಲದು. ಬೆಳಗಾದರೆ ಆ ಮನೆಯವರು ಎಲ್ಲಿ ದುಡಿಯಬೇಕೆಂಬುದನ್ನೂ ಕೇಳಬೇಕು.

ಮನೆಗಳನ್ನು ಹಂಚಿದ್ದು ಚೀಟಿ ಎತ್ತಿ. ಚೀಟಿಗೆ ಅರ್ಜಿದಾರನ ಹೆಸರು ಗೊತ್ತು, ಕಸುಬು ಗೊತ್ತಿಲ್ಲ. ಹಳೆಯ ಊರಿನ ಗಲ್ಲಿಯಲ್ಲಿ ಕೂತು ಬಳೆಗೆ ಹರಳು ಕೂರಿಸುವವಳಿಗೆ ಸರಕು ಬರುವುದೂ ಕೂಲಿ ಸಿಗುವುದೂ ಅದೇ ಗಲ್ಲಿಯಲ್ಲಿ. ತಳ್ಳುಗಾಡಿಯವನಿಗೆ ಸಾಲ ಕೊಡುವವರು ಅವನನ್ನು ಬಲ್ಲ ಮಂಡಿಯವರೇ. ಮೂವತ್ತು ಕಿಲೋಮೀಟರ್ ದೂರ ಹೋದರೆ ಆ ನಂಟು ಕಡಿಯುತ್ತದೆ. 2023ರ ಡಿಸೆಂಬರ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾಗಿರುವುದು ನಿಜ. ಅದರಿಂದ ಕಾಸು ಉಳಿದೀತು, ಹೊತ್ತು ಉಳಿಯದು. ಪಟಾನ್‌ಚೆರುವಿನ ಕಾರ್ಖಾನೆಗಳು ಹತ್ತಿರವಿವೆಯಲ್ಲ ಎನ್ನಬಹುದು. ಆದರೆ ಐವತ್ತರ ವಯಸ್ಸಿನ ದರ್ಜಿಯನ್ನು ಯಾವ ಕಾರ್ಖಾನೆ ಕರೆದೀತು?

ಈ ನಗರಕ್ಕೆ ಇದು ತಿಳಿಯದ ಪಾಠವೇನಲ್ಲ. 1967ರಲ್ಲಿ ಇಲ್ಲಿ ಆರಂಭವಾದ ನಗರ ಸಮುದಾಯ ಅಭಿವೃದ್ಧಿ ಯೋಜನೆ ಕೊಳೆಗೇರಿಗಳಲ್ಲಿ ಹೊಲಿಗೆ ಕಲಿಸಿತು, ಬ್ಯಾಂಕಿನ ಸಣ್ಣ ಸಾಲಕ್ಕೆ ದಾರಿ ಮಾಡಿತು. ದುಡಿಮೆಯನ್ನು ಬಿಟ್ಟು ಬರಿಯ ಸೂರಿನ ಮಾತನ್ನು ಅದು ಆಡಲಿಲ್ಲ.

ಅಮೆರಿಕದ 1968ರ ವಸತಿ ಕಾಯಿದೆಯ ಮೂರನೆಯ ವಿಧಿಯನ್ನು ಇಲ್ಲಿ ನೆನೆಯಬಹುದು. ಸರ್ಕಾರಿ ಹಣದಿಂದ ಬಡವರಿಗೆ ಮನೆ ಕಟ್ಟುವಾಗ, ದುರಸ್ತಿ ಮಾಡುವಾಗ, ಅದರ ಕೂಲಿಯೂ ಗುತ್ತಿಗೆಯೂ ಸಾಧ್ಯವಾದಷ್ಟು ಅಲ್ಲಿನ ಬಡ ನಿವಾಸಿಗಳಿಗೇ ಸಲ್ಲಬೇಕೆಂದು ಆ ವಿಧಿ ಹೇಳುತ್ತದೆ. ‘ಸಾಧ್ಯವಾದಷ್ಟು’ ಎಂಬ ಮಾತಿನ ಸಂದಿಯಲ್ಲಿ ಬಹಳ ಕಾಲ ಗುತ್ತಿಗೆದಾರರು ನುಸುಳಿಕೊಂಡರು. ಎಷ್ಟು ಜನರನ್ನು ಹೊಸದಾಗಿ ಸೇರಿಸಿಕೊಂಡರೆಂಬ ಲೆಕ್ಕವನ್ನು 2020ರಲ್ಲಿ ಕೈಬಿಟ್ಟು, ದುಡಿದ ಗಂಟೆಗಳನ್ನೇ ಎಣಿಸುವ ನಿಯಮ ತಂದರು. ಅದರಲ್ಲಿ ಶೇಕಡಾ 25 ಭಾಗ ಅಂಥ ಬಡ ಕೆಲಸಗಾರರದಾಗಿರಬೇಕೆಂಬ ಗುರಿ ಇಟ್ಟರು. ಹೆಸರು ಬರೆದುಕೊಂಡು ನಾಲ್ಕು ದಿನಕ್ಕೆ ಬಿಟ್ಟುಬಿಡುವ ಜಾಣತನಕ್ಕೆ ಅದು ತಡೆ.

ಕೊಲ್ಲೂರಿನಲ್ಲಿ ಕಟ್ಟುವ ಕೆಲಸ ಮುಗಿದಿದೆ, ನಡೆಸುವ ಕೆಲಸ ಮುಗಿಯುವಂಥದಲ್ಲ. ಲಿಫ್ಟುಗಳಿವೆ, ಕೊಳಚೆ ನೀರು ಶುದ್ಧಿಮಾಡುವ ಘಟಕವಿದೆ, ಗುಡಿಸಲು ಅಂಗಳಗಳಿವೆ, ಕಾವಲಿದೆ. 118 ಅಂಗಡಿಗಳೂ ಇವೆ. ಲೆಕ್ಕಕ್ಕೆ ನೂರಮೂವತ್ತಮೂರು ಮನೆಗೆ ಒಂದು. ಈ ಕೆಲಸಗಳೂ ಮಳಿಗೆಗಳೂ ಮೊದಲು ನಿವಾಸಿಗಳಿಗೇ ದೊರೆಯಬೇಕು; ಅದು ಅಧಿಕಾರಿಯ ದಯೆಯಿಂದಲ್ಲ, ಗುತ್ತಿಗೆಯ ಕರಾರಿನ ಬರಹದಿಂದ. ನೆಲಮಹಡಿಯಲ್ಲಿ ಹೊಲಿಗೆಯಂತ್ರವಿಟ್ಟು ಕೂರಲು ನೆರಳು, ಹೊರಗೆ ತಳ್ಳುಗಾಡಿಗೆ ಜಾಗ, ಇವನ್ನು ನಕ್ಷೆ ಬರೆಯುವಾಗಲೇ ಯೋಚಿಸಬೇಕಿತ್ತು.

ಮನೆಯನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ ಎಂಬ ಷರತ್ತೇನೋ ಇದೆ. ಅನ್ನ ಹುಟ್ಟದ ಕಡೆ ಬಡವನನ್ನು ನಿಲ್ಲಿಸಿ, ಅವನು ಬೀಗ ಹಾಕಿ ಹಳೆಯ ಗಲ್ಲಿಗೆ ಮರಳಿದರೆ ತಪ್ಪು ಅವನದೆನ್ನುವುದು ನ್ಯಾಯವಲ್ಲ.