ಮೂಲೆಯ ಮುದ್ರೆಗೆ ಮಾರುಹೋದವರು

ಹಳೆ ಕಾರಿನ ಗಾಜು ಆರಿಸುವವರ ನಡುವೆ ಈಗ ಒಂದೇ ಒಂದು ವಿದ್ಯೆಗೆ ಎಲ್ಲಿಲ್ಲದ ಮರ್ಯಾದೆ: ಮೂಲೆಯ ಕಂಪನಿ ಮುದ್ರೆ ಓದುವುದು. ಮುಂಬೈಯ ಚೋರ್ ಬಜಾರಿನಿಂದಲೋ ಚೆನ್ನೈನ ಪುದುಪೇಟೆಯಿಂದಲೋ ಗಾಜು ನಮ್ಮೂರು ಉಪ್ಪುಂದಕ್ಕೆ ಬಂದಿಳಿದರೆ ಮೊದಲು ಬಿಸಿಲಿಗೆ ಹಿಡಿದು ಮೂಲೆ ನೋಡುತ್ತಾರೆ. ಮುದ್ರೆ ಸರಿಯಿದ್ದರೆ ‘ಒರಿಜಿನಲ್’. ನನಗಂತೂ ಇದರಲ್ಲಿ ಅಂಚೆಚೀಟಿ ಕೂಡಿಡುವವರ ಗೀಳೇ ಕಾಣುತ್ತದೆ.

ಇವರು ಮೆರೆಸುವ ಉದಾಹರಣೆ ಮಾರಿಸ್ ಮೈನರಿನ ಟ್ರಿಪ್ಲೆಕ್ಸ್ ಗಾಜು. ಅದರ ಮೇಲಿನ TOUGHENED ಅಥವಾ LAMINATED ಎಂಬ ಒಂಬತ್ತಕ್ಷರದ ಇಂಗ್ಲಿಷ್ ಪದದ ಕೆಳಗೆ ಒಂದು ಚುಕ್ಕಿ. ಎಷ್ಟನೆಯ ಅಕ್ಷರದಡಿ ಇದೆಯೋ ಅದು ಇಸವಿಯ ಕೊನೆಯ ಅಂಕಿ. ಕೊನೆಯ ಅಂಕಿ ಮಾತ್ರ! ಐದನೆಯ ಅಕ್ಷರದಡಿ ಚುಕ್ಕಿಯಿದ್ದರೆ 1955 ಇರಬಹುದು, 1965 ಇರಬಹುದು. ಮೈನರಿನ ಎರಡು ತುಂಡಿನ ಮುಂಗಾಜು ಒಂದೇ ತುಂಡಾದದ್ದು 1956ರಲ್ಲಿ. ಅಂದರೆ ದಶಕ ಹೇಳುವುದು ಗಾಜಿನ ಆಕಾರ. ಚುಕ್ಕಿ ಅದರ ಹಿಂದೆ ಬರುವ ಬಾಲ. ಟಫನ್ಡೋ ಲ್ಯಾಮಿನೇಟೆಡೋ ಎಂದು ತಿಳಿಯಲು ಮುದ್ರೆ ಬೇಕು, ಒಪ್ಪಿದೆ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಿ ಕೂರಿಸಲು ಬರುವುದಿಲ್ಲ, ಇಡೀ ಗಾಜು ಪುಡಿಯಾಗುತ್ತದೆ.

ನಮ್ಮ ಕಡೆಯ ನಿಜವಾದ ಪ್ರಶ್ನೆ ಫಿಯೆಟ್‌ನದು. 1964ರ ಡಿಲೈಟ್, ಆಮೇಲೆ ಪ್ರೆಸಿಡೆಂಟ್, 1974ರಿಂದ ಪದ್ಮಿನಿ: ಹೆಸರು ಬದಲಾಯಿತು, ಶರೀರ ಹೆಚ್ಚುಕಡಿಮೆ ಅದೇ. ಮುಂಬೈಯಲ್ಲಿ 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನಿಂತ ಮೇಲೆ ಬಿಡಿಭಾಗದ ದೊಡ್ಡ ಮೂಲವೂ ಬತ್ತಿತು. ಇಂಥ ಹೊತ್ತಿನಲ್ಲಿ ಯಾರೂ ನೋಡದ ಭಾಗ ಬಾಗಿಲ ಗಾಜಿನ ಅಡಿಪಟ್ಟಿ. ರಬ್ಬರ್ ಇಟ್ಟು ಗಾಜಿನ ಕೆಳ ಅಂಚಿಗೆ ಬಿಗಿದ ಈ ಕಬ್ಬಿಣದ ಚಾನೆಲ್ಲಿಗೇ ಗಾಜನ್ನು ಏರಿಸಿ ಇಳಿಸುವ ಗ್ಲಾಸ್ ಮಷೀನಿನ ತೋಳು ಸಿಕ್ಕಿಕೊಳ್ಳುವುದು. ಪಟ್ಟಿ ಒಂದು ಬೆರಳು ಹಿಂದೆ ಸರಿದು ಕೂತರೂ ಹ್ಯಾಂಡಲ್ ತಿರುಗಿಸಿದಾಗ ಗಾಜು ವಾಲುತ್ತದೆ, ತ್ರಿಕೋನದ ಚಿಕ್ಕ ಕಿಟಕಿಯ ಕಂಬಕ್ಕೆ ಒತ್ತಿ ಅರ್ಧದಲ್ಲೇ ನಿಲ್ಲುತ್ತದೆ. ಸರಿಯಾದ ಜಾಗದ ಗುರುತು ಹಳೆ ಗಾಜಿನಲ್ಲೇ ಇರುತ್ತದೆ: ರಬ್ಬರ್ ಕೂತಿದ್ದ ಮಾಸಲು ಗೆರೆ. ಗುಜರಿಯವರು ಪಟ್ಟಿ ಕಿತ್ತೆಸೆದು, ಗಾಜು ತೊಳೆದು, ಆ ಗೆರೆಯನ್ನೂ ಅಳಿಸಿ ಮಾರುತ್ತಾರೆ. ಕಡಲ ಪಕ್ಕದ ನಮ್ಮೂರಲ್ಲಿ ಉಪ್ಪುಗಾಳಿಗೆ ಪಟ್ಟಿ ಬೇಗ ತುಕ್ಕು ಹಿಡಿಯುತ್ತದೆ. ಬಾಗಿಲ ತಳದ ನೀರುತೂತು ಕಟ್ಟಿಕೊಂಡಿದ್ದರೆ ಮಳೆಗಾಲದಲ್ಲಿ ಮುಗಿಯಿತು. ತುಕ್ಕು ಉಬ್ಬಿ ಗಾಜಿನ ಅಂಚನ್ನೇ ಹಿಂಡುತ್ತದೆ. ಕೊಳ್ಳುವಾಗ ಕೆಳ ಅಂಚಿನ ಮೇಲೆ ಉಗುರು ಎಳೆದು ನೋಡಬೇಕಾದ್ದು ಇದಕ್ಕೇ.

ವಿಂಟೇಜ್ ರ‍್ಯಾಲಿಯ ಪಂಡಿತರಿಗೆ ಇದೆಲ್ಲ ಕೂಲಿ ಕೆಲಸದ ಮಾತು. ಸಪಾಟು ಗಾಜಿನ ಪಟ್ಟಿ ಬಿಚ್ಚಿ ಮಗುಚಿದರೆ ಎಡಬಾಗಿಲಿನದು ಬಲಕ್ಕೂ ಆಗುತ್ತದೆ. ಮುದ್ರೆ ಹೊರಗಿನಿಂದ ತಿರುಗುಮುರುಗು ಕಾಣುತ್ತದೆ, ಅಷ್ಟೇ. ಅಷ್ಟಕ್ಕೇ ಅವರು ಮೂಗು ಮುರಿಯುತ್ತಾರೆ. ಅರ್ಧಕ್ಕೆ ನಿಂತ ಗಾಜು ಅವರ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಪ್ರದರ್ಶನದಲ್ಲಿ ಯಾರೂ ಹ್ಯಾಂಡಲ್ ತಿರುಗಿಸುವುದಿಲ್ಲ. ಹೆದ್ದಾರಿ ಬದಿಯ ಗ್ಯಾರೇಜಿನವರೊಬ್ಬರು ಮಾತ್ರ ಹಳೆ ಗಾಜನ್ನು ರಟ್ಟಿನ ಮೇಲಿಟ್ಟು, ಪಟ್ಟಿಯ ಎರಡು ತುದಿಗೂ ಗೀಟು ಹಾಕಿ, ಆ ರಟ್ಟನ್ನೇ ಮುಂಬೈಗೆ ಕಳಿಸುತ್ತಾರೆ. “ಸೀಲ್ ಕಂಡ್ರೆ ಗ್ಲಾಸ್ ಮೇಲ್ ಬತ್ತಾ ಮಾರ್ರೆ?” ಎಂಬ ಅವರ ಪ್ರಶ್ನೆಗೆ ಪಂಡಿತರಲ್ಲಿ ಉತ್ತರವಿಲ್ಲ.

ಗಾಜನ್ನು ಪಟ್ಟಿ ಸಮೇತ ಕೊಡಿ ಎಂದರೆ ಗುಜರಿಯವರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ತುಕ್ಕು ಹಿಡಿದ ಆ ತುಂಡಿಗೆ ಅವರಿನ್ನೂ ಬೆಲೆ ಕಟ್ಟಿಲ್ಲ.