ಪುಟ್ಟ ಸೈನಿಕನಿಗೆ ನೆರಳು, ಬೆಳಕು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾಗುವ, ಮೇಜಿನ ಮೇಲೆ ಆಡುವ ವಾರ್‌ಹ್ಯಾಮರ್ ಯುದ್ಧದಾಟದ ಬೊಂಬೆ ಸೈನಿಕರು ಹೆಚ್ಚಾಗಿ ಬೂದು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತಾರೆ. ಅಂಟಿಸಿ ಬಣ್ಣ ಹಚ್ಚುವುದು ಕೊಂಡವರ ಕೆಲಸ. ಮೂರು ಸೆಂಟಿಮೀಟರ್ ಆಸುಪಾಸಿನ ಬೊಂಬೆಯ ಮೇಲೆ ಕೋಣೆಯ ದೀಪ ಬಿದ್ದರೂ ಬಟ್ಟೆಯ ನೆರಿಗೆ, ಕವಚದ ಸಂದು ಎದ್ದು ಕಾಣುವುದಿಲ್ಲ. ಹಾಗಾಗಿ ನೆರಳು ಬೆಳಕು ಎರಡನ್ನೂ ಬಣ್ಣದಲ್ಲೇ ಬರೆಯಬೇಕು. ಈ ಕಲೆಯ ಜೀವ ಇರುವುದೇ ಅಲ್ಲಿ.

ಮೊದಲು ಬಣ್ಣ ಹಿಡಿದು ನಿಲ್ಲಲು ಪ್ರೈಮರ್ ಲೇಪ, ಆಮೇಲೆ ಅಕ್ರಿಲಿಕ್ ಬಣ್ಣ. ಬಣ್ಣವನ್ನು ಹಾಲಿನ ಹದಕ್ಕೆ ನೀರು ಬೆರೆಸಿ ತೆಳುವಾಗಿ ಎರಡು ಸಲ ಹಚ್ಚಬೇಕು. ಒಂದೇ ಸಲ ದಪ್ಪಗೆ ಬಳಿದರೆ ಶಿಲ್ಪಿ ಕೆತ್ತಿದ ಕಣ್ಣು, ಬೆರಳು ಮುಚ್ಚಿಹೋಗುತ್ತವೆ. ನಂತರದ್ದು ವಾಷ್. ಈ ನೀರುನೀರಾದ ಗಾಢ ಬಣ್ಣ ತಾನಾಗಿ ಹರಿದು ತಗ್ಗುಗಳಲ್ಲಿ ನಿಲ್ಲುತ್ತದೆ, ಉಬ್ಬುಗಳ ಮೇಲೆ ಹೆಚ್ಚು ನಿಲ್ಲುವುದಿಲ್ಲ. ಅದು ಒಣಗುತ್ತ ಮುಖವೊಂದು ಮೂಡಿಬರುವುದನ್ನು ನೋಡುವ ಸಂತೋಷಕ್ಕೆ ಸಾಟಿಯಿಲ್ಲ. ಕೊನೆಗೆ ಕವಚದ ಅಂಚಿಗೆ ತಿಳಿಬಣ್ಣದ ಕೂದಲೆಳೆಯಂಥ ಗೆರೆ.

ಲೋಹದ ಬಣ್ಣವನ್ನೇ ಮುಟ್ಟದೆ, ಬರೀ ಕಂದು, ಹಳದಿ, ಬಿಳಿಯಿಂದ ಚಿನ್ನದ ಹೊಳಪು ತರುವವರೂ ಇದ್ದಾರೆ. ಇಂಥ ಬೊಂಬೆಗಳಿಗೆ ಬಣ್ಣ ಹಚ್ಚುವವರಿಗಾಗಿ 1987ರಲ್ಲಿ ಶುರುವಾದ ಗೋಲ್ಡನ್ ಡೀಮನ್ ಸ್ಪರ್ಧೆಯಲ್ಲಿ ಅಂಥ ಕೈಚಳಕ ಕಾಣಸಿಗುತ್ತದೆ. ನನ್ನ ಮಟ್ಟಿಗೆ ಅದು ನಿಜವಾದ ಚಿತ್ರಕಲೆ.

ನಿಮ್ಮಲ್ಲಿ ಸಪ್ಪೆಯಾಗಿ ಕಾಣುವ ಹಳೆಯ ಬೊಂಬೆಗಳಿದ್ದರೆ ಬಣ್ಣ ಕೆರೆದು ತೆಗೆಯಬೇಡಿ. ಒಂದು ವಾಷ್ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಅಂಚುಗಳಿಗೆ ತಿಳಿಬಣ್ಣ ತಾಗಿಸಿ ನೋಡಿ.